ಆದೇಶ: ಅಪ್ಪಣೆಯೂ ಹೌದು, ಬದಲಿಯೂ ಹೌದು

ಸರ್ಕಾರಿ ಕಾಗದದಲ್ಲಿ ‘ಆದೇಶ’ ಎಂದರೆ ಅಪ್ಪಣೆ. ಹೈಸ್ಕೂಲಿನ ವ್ಯಾಕರಣದಲ್ಲಿ ಅದೇ ಪದಕ್ಕೆ ಬೇರೆ ಕೆಲಸ: ಒಂದು ಅಕ್ಷರದ ಜಾಗಕ್ಕೆ ಇನ್ನೊಂದು ಬರುವುದು. ಮಳೆ, ಕಾಲ ಸೇರಿ ಮಳೆಗಾಲವಾದಾಗ ಕಕಾರಕ್ಕೆ ಗಕಾರ ಆದೇಶ. ಎರಡಕ್ಕೂ ಮೂಲ ‘ದಿಶ್’ ಎಂಬ ಧಾತು, ತೋರಿಸು ಎಂದರ್ಥ. ದಿಕ್ಕು, ದೇಶ, ಉಪದೇಶಗಳೂ ಅಲ್ಲಿಂದಲೇ ಬಂದವು. ವೆಬ್ ಸರ್ವರ್‌ಗೆ ಬಂದ ವಿಳಾಸವನ್ನು ಇನ್ನೊಂದಾಗಿ ಬದಲಿಸುವ ‘ರೀರೈಟ್ ರೂಲ್’ಗೆ ಕನ್ನಡದ ಹೆಸರು ಹುಡುಕುವವರು ಹೊಸದಾಗಿ ಟಂಕಿಸಬೇಕಾಗಿಲ್ಲ. ಆದೇಶ ಎಂದರೆ ಸಾಕು.

ಏಕೆಂದರೆ ಈ ಪದದ ಹಿಂದೆ ಒಂದು ಇಡೀ ಶಾಸ್ತ್ರವಿದೆ. ಸಂಸ್ಕೃತ ವೈಯಾಕರಣ ಪಾಣಿನಿಯಲ್ಲಿ ಜಾಗ ಬಿಟ್ಟುಕೊಡುವುದು ಸ್ಥಾನಿ, ಆ ಜಾಗಕ್ಕೆ ಬರುವುದು ಆದೇಶ, ಆಚೀಚೆ ಇರಬೇಕಾದದ್ದು ನಿಮಿತ್ತ. ಇವನ್ನು ತಿಳಿಸಲು ಅವನು ವಿಭಕ್ತಿಗಳನ್ನೇ ದುಡಿಸಿಕೊಂಡ. ಷಷ್ಠಿಯಲ್ಲಿದ್ದದ್ದು ಹೋಗುತ್ತದೆ, ಪ್ರಥಮೆಯಲ್ಲಿದ್ದದ್ದು ಬರುತ್ತದೆ. ಸಪ್ತಮಿಯಲ್ಲಿ ಹೇಳಿದ್ದು ಮುಂದಿರಬೇಕು, ಪಂಚಮಿಯಲ್ಲಿ ಹೇಳಿದ್ದು ಹಿಂದಿರಬೇಕು. ರೆಗ್ಯುಲರ್ ಎಕ್ಸ್‌ಪ್ರೆಶನ್ ಬರೆಯುವವರು ‘ಲುಕ್‌ಅಹೆಡ್’, ‘ಲುಕ್‌ಬಿಹೈಂಡ್’ ಎನ್ನುವುದು ಈ ಸಪ್ತಮಿ, ಪಂಚಮಿಗಳ ಕೆಲಸವನ್ನೇ. ರಾಲ್ಫ್ ಎಂಗೆಲ್‌ಶಾಲ್ 1996ರಲ್ಲಿ ಅಪಾಚೆ ಸರ್ವರ್‌ಗೆ ಬರೆದ ‘ಮಾಡ್-ರೀರೈಟ್’ನಲ್ಲೂ ಒಂದು ಸಾಲೆಂದರೆ ಹುಡುಕಬೇಕಾದ ಮಾದರಿ ಮತ್ತು ಅದರ ಬದಲಿ, ಷರತ್ತೇನಾದರೂ ಇದ್ದರೆ ಅದು ಮೇಲಿನ ಸಾಲಿನಲ್ಲಿ.

ನಿಮಿತ್ತ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಬೆಂಗಳೂರಿನ ಪೇಟೆಗಳೇ ತೋರಿಸುತ್ತವೆ. 13ನೇ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ವಿವರಿಸಿದ ಆದೇಶ ಸಂಧಿಯಲ್ಲಿ ಉತ್ತರಪದದ ಮೊದಲಿನ ಕ, ತ, ಪಗಳಿಗೆ ಗ, ದ, ಬಗಳು ಬರುತ್ತವೆ: ಬೆಟ್ಟದಾವರೆ, ಕಂಬನಿ. ಆದರೆ ಚಿಕ್ಕಪೇಟೆ, ಅಕ್ಕಿಪೇಟೆ, ಚಾಮರಾಜಪೇಟೆಗಳು ಇದಕ್ಕೆ ಬಗ್ಗುವುದಿಲ್ಲ. ‘ಪ’ಕ್ಕೆ ‘ಬ’ ಎಂದು ಕುರುಡಾಗಿ ಒಂದು ಸಾಲು ಬರೆದರೆ ಚಾಮರಾಜಪೇಟೆ ‘ಚಾಮರಾಜಬೇಟೆ’ಯಾಗುತ್ತದೆ! ಸರ್ವರ್‌ನ ಅನಾಹುತಗಳೂ ಇದೇ ಜಾತಿಯವು. ಆರಂಭವನ್ನು ಸೂಚಿಸುವ ‘^’, ಕೊನೆಯನ್ನು ಸೂಚಿಸುವ ‘$’ ಎರಡನ್ನೂ ಬಿಟ್ಟ ನಿಯಮ ವಿಳಾಸದ ನಡುವೆ ಎಲ್ಲಿ ಬೇಕಾದರೂ ಹೊಕ್ಕು ಕೂರುತ್ತದೆ.

ಪಾಣಿನಿಯ ಇನ್ನೊಂದು ಮಾತು ನನಗೆ ಎಲ್ಲಕ್ಕಿಂತ ದೊಡ್ಡದು: ಆದೇಶವನ್ನು ಸ್ಥಾನಿಯಂತೆಯೇ ಕಾಣಬೇಕು. ಹೋದದ್ದರ ಹಕ್ಕುಗಳೆಲ್ಲ ಬಂದದ್ದಕ್ಕೆ ಸಲ್ಲುತ್ತವೆ. ಅದೇ ಚಾಮರಾಜಪೇಟೆಯಲ್ಲಿ ಆಲ್ಬರ್ಟ್ ವಿಕ್ಟರ್ ರಸ್ತೆ ಹೋಗಿ ಆಲೂರು ವೆಂಕಟರಾವ್ ರಸ್ತೆ ಬಂತು. ಇಂಗ್ಲಿಷ್ ಮೊದಲಕ್ಷರಗಳು ಮಾತ್ರ ಆಗಲೂ ಎ.ವಿ., ಈಗಲೂ ಎ.ವಿ. ವೆಬ್‌ನಲ್ಲಿ ಈ ಉತ್ತರಾಧಿಕಾರಕ್ಕೆ 301 ಎಂಬ ಸಂಖ್ಯೆಯಿದೆ. ವಿಳಾಸ ಕಾಯಂ ಆಗಿ ಬದಲಾಗಿದೆ ಎಂದು ಅದು ಸಾರಿದರೆ, ಹಳೆಯ ಪುಟ ಗಳಿಸಿದ ಮನ್ನಣೆಯನ್ನು ಶೋಧಯಂತ್ರಗಳು ಹೊಸದಕ್ಕೆ ವರ್ಗಾಯಿಸುತ್ತವೆ. ಅಕ್ಷರವನ್ನೇ ನೆಚ್ಚಿದ ಕಾರ್ಯಗಳಿಗೆ ಈ ಸವಲತ್ತಿಲ್ಲ ಎಂದೂ ಪಾಣಿನಿಯ ಅದೇ ಸೂತ್ರ ಹೇಳುತ್ತದೆ. ಸರ್ವರ್ ಒಳಗೊಳಗೇ ವಿಳಾಸ ಬದಲಿಸಿದಾಗ, ಕಾಣುವ ವಿಳಾಸವನ್ನು ನೆಚ್ಚಿಕೊಂಡ ಚಿತ್ರದ ಕೊಂಡಿಗಳು ಮುರಿದುಬೀಳುವುದು ಅದಕ್ಕೇ.

2014ರ ನವೆಂಬರ್ 1ರಂದು ಪದದ ಎರಡೂ ಅರ್ಥಗಳು ಕೂಡಿಬಂದವು. ಸರ್ಕಾರದ ಆದೇಶದಿಂದ 12 ಊರುಗಳ ಹೆಸರಿಗೆ ಆದೇಶವಾಯಿತು. ಬೆಂಗಳೂರು, ಮೈಸೂರುಗಳಿಗೆ ಬದಲಾದದ್ದು ಇಂಗ್ಲಿಷ್ ಕಾಗುಣಿತ ಮಾತ್ರ. ಗುಲ್ಬರ್ಗ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಇಂಗ್ಲಿಷ್ ವಿಳಾಸಗಳಲ್ಲಿ ಕೊನೆಯ ‘ಓರ್’ ತೆಗೆದು ‘ಊರು’ ಹಾಕುವ ಒಂದೇ ನಿಯಮ ಮೈಸೂರು, ಮಂಗಳೂರುಗಳಿಗೆ ಸಾಕು. ಬೆಂಗಳೂರಿಗೆ ಮೊದಲ ಸ್ವರವೂ ಬದಲಾಗಬೇಕು, ಹೆಸರು ಬದಲಾಗದ ವೆಲ್ಲೂರು ಸುಮ್ಮನೆ ಸಿಕ್ಕಿಬೀಳುತ್ತದೆ, ಕಲಬುರಗಿಗಂತೂ ಅದು ತಾಗುವುದೇ ಇಲ್ಲ. ಸೂತ್ರಕ್ಕೆ ಒಗ್ಗದ ರೂಪಗಳನ್ನು ಪಾಣಿನಿ ಸಿದ್ಧವಾಗಿಯೇ ಹೇಳಿಬಿಡುತ್ತಾನೆ. ಅದಕ್ಕೆ ನಿಪಾತನ ಎಂದು ಹೆಸರು. ಇಲ್ಲಿಯೂ ಅದೇ ದಾರಿ: 12 ಊರಿಗೆ 12 ಸಾಲು. ಬಿಜಾಪುರದ ಸಾಲು ಬರೆಯುವ ಮುನ್ನ ಮಾತ್ರ, ದೇವನಹಳ್ಳಿ ತಾಲ್ಲೂಕಿನ ವಿಜಯಪುರ ಅದೇ ವಿಳಾಸದಲ್ಲಿ ಮೊದಲೇ ಇದೆಯೇ ಎಂದು ನೋಡಿಕೊಳ್ಳಬೇಕು.