ಹೋಟೆಲು ನೌಕರನ ಖಾತೆ: ದಯೆಯಿಂದ ಹಕ್ಕಿನೆಡೆಗೆ

ಹಸಿದು ಬಂದವನಿಗೆ ಅನ್ನ ನೀಡುವ ವೃತ್ತಿಯನ್ನು ನಮ್ಮ ನಾಡು ಎಂದೂ ಕೀಳಾಗಿ ಕಂಡಿಲ್ಲ. ಆದರೆ ಆ ಅನ್ನವನ್ನು ಬೇಯಿಸುವ, ಬಡಿಸುವ, ಎಲೆ ಎತ್ತಿ ಮೇಜು ಒರೆಸುವ ನೌಕರನಿಗೆ ಮುಪ್ಪಿನಲ್ಲಿ ಏನು ಉಳಿದಿರುತ್ತದೆ ಎಂಬ ಪ್ರಶ್ನೆ ಬಹುಕಾಲ ಯಾರ ಲೆಕ್ಕದ ಪುಸ್ತಕವನ್ನೂ ಪ್ರವೇಶಿಸಲಿಲ್ಲ. ದಿನಸಿ, ಸೌದೆ, ಹಾಲು, ಬಾಡಿಗೆ ಇವೆಲ್ಲ ಕಿರ್ದಿಯಲ್ಲಿ ಕಾಣುತ್ತಿದ್ದವು. ಮಾಣಿಯ ಭವಿಷ್ಯ ಮಾತ್ರ ಧಣಿಯ ನೆನಪಿನಲ್ಲಿತ್ತು. ನೆನಪಿನಲ್ಲಿದ್ದ ಈ ಋಣವು ಕಾಗದದ ಮೇಲೆ ಬಂದು ಹಕ್ಕಾದ ಬಗೆಯನ್ನು ಸಂಕ್ಷೇಪವಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಧಣಿಯ ಕೈಯಲ್ಲಿ ಸಂಬಳ

ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯಿಂದ ಬೆಂಗಳೂರು, ಮುಂಬಯಿ, ಮದರಾಸು ಮೊದಲಾದ ನಗರಗಳಿಗೆ ಹೋಗಿ ಹೋಟೆಲು ತೆರೆದವರ ಸಾಹಸ ಸರ್ವವಿದಿತ. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದ ಉಪಾಹಾರ ಗೃಹವೂ, 1942ರಲ್ಲಿ ಮುಂಬಯಿಯ ಮಾಟುಂಗಾದಲ್ಲಿ ರಾಮ ನಾಯಕರು ಸ್ಥಾಪಿಸಿದ ಊಟದ ಮನೆಯೂ ಈ ಪರಂಪರೆಯವೇ. ಧಣಿಯ ಹಿಂದೆಯೇ ಅವನ ಊರಿನ, ಅವನ ಬಂಧುವರ್ಗದ ಹುಡುಗರೂ ಹೊರಟರು. ಹುಡುಗನು ಮೊದಲು ಲೋಟ ತೊಳೆಯುವನು, ಅನಂತರ ಮೇಜು ಒರೆಸುವನು, ಆಮೇಲೆ ಮಾಣಿಯಾಗುವನು. ಅದೃಷ್ಟವಿದ್ದರೆ ಅಡಿಗೆ ಭಟ್ಟರ ಸಹಾಯಕನಾಗಿಯೋ ಗಲ್ಲಾದ ಮೇಲೆ ಕೂರುವವನಾಗಿಯೋ ಮೇಲೇರುವನು.

ಈ ವ್ಯವಸ್ಥೆಯಲ್ಲಿ ಊಟವೂ ಮಲಗಲು ಸ್ಥಳವೂ ಹೋಟೆಲಿನದೇ. ಕೈಯಲ್ಲಿ ದುಡ್ಡಿದ್ದರೆ ಪಟ್ಟಣದಲ್ಲಿ ಕೆಟ್ಟುಹೋದಾನೆಂಬ ಕಾಳಜಿಯಿಂದ ಸಂಬಳವನ್ನು ಧಣಿಯ ಬಳಿಯೇ ಬಿಡುವ ರೂಢಿ ಬೆಳೆಯಿತು. ವರ್ಷಕ್ಕೊಮ್ಮೆ ಊರಿಗೆ ಹೋಗುವಾಗ ಧಣಿಯು ಲೆಕ್ಕ ಮಾಡಿ ಕೊಡುವನು. ತಂಗಿಯ ಮದುವೆಗೆ, ತಂದೆಯ ಔಷಧಿಗೆ ಮುಂಗಡವನ್ನೂ ಕೊಡುವನು. ಇದರಲ್ಲಿ ವಾತ್ಸಲ್ಯವಿರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಅನೇಕ ಧಣಿಗಳು ಮಾಣಿಗಳನ್ನು ಮನೆಯ ಮಕ್ಕಳಂತೆ ಕಂಡು, ಓದಿಸಿ, ಸ್ವಂತ ಹೋಟೆಲು ಹಾಕಿಸಿಕೊಟ್ಟದ್ದೂ ಉಂಟು.

ಆದರೆ ಲೆಕ್ಕಶಾಸ್ತ್ರದ ದೃಷ್ಟಿಯಿಂದ ನೋಡಿದಾಗ ಇದರ ದೋಷ ಸ್ಪಷ್ಟವಾಗುತ್ತದೆ. ನೌಕರನು ಬಿಟ್ಟ ಸಂಬಳವು ವಾಸ್ತವವಾಗಿ ಅವನು ಧಣಿಗೆ ಕೊಟ್ಟ ಸಾಲ. ಅದಕ್ಕೆ ಬಡ್ಡಿಯಿಲ್ಲ, ಪತ್ರವಿಲ್ಲ, ಸಾಕ್ಷಿಯಿಲ್ಲ. ಧಣಿಯು ತೀರಿಕೊಂಡರೆ, ಪಾಲುದಾರರು ಜಗಳವಾಡಿ ಬಾಗಿಲು ಹಾಕಿದರೆ, ಆ ಹಣವನ್ನು ಯಾರಲ್ಲಿ ಕೇಳಬೇಕು? ಮತ್ತೊಂದು ಕಡೆ, ಪಡೆದ ಮುಂಗಡ ತೀರುವ ತನಕ ಅವನು ಬೇರೆಡೆಗೆ ಹೋಗುವಂತಿಲ್ಲ. ಹೀಗೆ ಅವನು ಏಕಕಾಲದಲ್ಲಿ ಸಾಲ ಕೊಟ್ಟವನೂ ಸಾಲಗಾರನೂ ಆಗಿದ್ದು, ಎರಡರಲ್ಲಿಯೂ ದುರ್ಬಲನಾಗಿದ್ದನು. ಇಂತಹ ಸ್ಥಿತಿಯಲ್ಲಿ ಸಂಘಟನೆಯ ದನಿ ಏಳುವುದು ಸಹಜ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಮಂಗಳೂರಿನ ಹೋಟೆಲು ಮತ್ತು ಸಾರಿಗೆ ಕಾರ್ಮಿಕರನ್ನು ಸಂಘಟಿಸಿದ ತರುಣರಲ್ಲಿ, ಮುಂದೆ ಕೇಂದ್ರ ಸಚಿವರಾದ ಜಾರ್ಜ್ ಫರ್ನಾಂಡಿಸರೂ ಒಬ್ಬರು.

ಕಾಯಿದೆ ಬಂದ ಬಗೆ

ಕಾಯಿದೆಯು ಹೋಟೆಲಿನ ಬಾಗಿಲಿಗೆ ತಡವಾಗಿ ಬಂದಿತು. 1936ರ ವೇತನ ಪಾವತಿ ಕಾಯಿದೆಯು ಮೊದಲಿಗೆ ಕಾರ್ಖಾನೆ ಮತ್ತು ರೈಲ್ವೆಗಳನ್ನು ಕುರಿತದ್ದಾಗಿತ್ತು. 1948ರಲ್ಲಿ ಕನಿಷ್ಠ ವೇತನ ಕಾಯಿದೆಯೂ ನೌಕರರ ರಾಜ್ಯ ವಿಮಾ ಕಾಯಿದೆಯೂ ಬಂದವು. 1952ರ ಭವಿಷ್ಯ ನಿಧಿ ಕಾಯಿದೆಯು ಆರಂಭದಲ್ಲಿ ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ-ಉಕ್ಕು, ಕಾಗದ, ಜವಳಿ ಎಂಬ 6 ಉದ್ಯಮಗಳಿಗೆ ಮಾತ್ರ ಅನ್ವಯಿಸಿತು. ಹೋಟೆಲು ಮತ್ತು ಉಪಾಹಾರ ಗೃಹಗಳು ಅದರ ವ್ಯಾಪ್ತಿಗೆ ಬಂದದ್ದು 1960ರ ದಶಕದ ಆರಂಭದಲ್ಲಿ. 1972ರ ಉಪದಾನ ಕಾಯಿದೆಯು, ಅಂದರೆ ನಾವು ಗ್ರಾಚ್ಯುಟಿ ಎನ್ನುವುದು, 10 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಅಂಗಡಿ, ಸಂಸ್ಥೆಗಳಿಗೂ ಅನ್ವಯವಾಯಿತು.

ಈ ಕಾಯಿದೆಗಳ ತಿರುಳು ಒಂದೇ. ನೌಕರನ ಹಣವನ್ನು ಧಣಿಯ ಗಲ್ಲಾದಿಂದ ಬೇರ್ಪಡಿಸುವುದು. ಭವಿಷ್ಯ ನಿಧಿಯ ಹಣವು ನೌಕರನ ಹೆಸರಿನ ಖಾತೆಯಲ್ಲಿರುತ್ತದೆ, ಹೋಟೆಲು ಮುಚ್ಚಿದರೂ ಖಾತೆ ಮುಚ್ಚುವುದಿಲ್ಲ. ಧಣಿಯ ಸದ್ಗುಣವಾಗಲಿ ದುರ್ಗುಣವಾಗಲಿ ಅಲ್ಲಿ ಪ್ರಸ್ತುತವೇ ಅಲ್ಲ.

ನೌಕರರೇ ಧಣಿಗಳಾದ ಪ್ರಯೋಗ

ಈ ಚರಿತ್ರೆಯಲ್ಲಿ ವಿಶೇಷ ಮನನಕ್ಕೆ ಯೋಗ್ಯವಾದ ಅಧ್ಯಾಯ ಕಾಫಿ ಹೌಸಿನದು. ಭಾರತೀಯ ಕಾಫಿಗೆ ದೇಶದೊಳಗೆ ಮಾರುಕಟ್ಟೆ ಬೆಳೆಸಲೆಂದು ಕಾಫಿ ಸೆಸ್ ಸಮಿತಿಯು 1936ರಲ್ಲಿ ಮುಂಬಯಿಯ ಚರ್ಚ್‌ಗೇಟಿನಲ್ಲಿ ಮೊದಲ ಕಾಫಿ ಹೌಸನ್ನು ತೆರೆಯಿತು. 1942ರ ಶಾಸನದಂತೆ ನೆಲೆಗೊಂಡ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಕಾಫಿ ಮಂಡಳಿಯು ಈ ಕೆಲಸವನ್ನು ಮುಂದುವರಿಸಿತು. 1940ರ ದಶಕದಲ್ಲಿ ದೇಶದ ನಾನಾ ನಗರಗಳಲ್ಲಿ ಸುಮಾರು 50 ಕಾಫಿ ಹೌಸುಗಳಿದ್ದವು.

1950ರ ದಶಕದ ಮಧ್ಯಭಾಗದಲ್ಲಿ ಮಂಡಳಿಯು ನೀತಿ ಬದಲಿಸಿ ಅವುಗಳನ್ನು ಮುಚ್ಚಲು ನಿರ್ಧರಿಸಿತು. ಕಾಫಿ ಬಡಿಸುವುದನ್ನು ಬಿಟ್ಟು ಬೇರೆ ವಿದ್ಯೆಯನ್ನು ಕಲಿಯದ ನೌಕರರು ಬೀದಿಗೆ ಬೀಳುವ ಸಂದರ್ಭ ಒದಗಿತು. ಆಗ ಸಂಸತ್ಸದಸ್ಯ ಎ. ಕೆ. ಗೋಪಾಲನ್ ಅವರ ಪ್ರೇರಣೆಯಿಂದ ನೌಕರರು ಒಂದು ಧೈರ್ಯದ ಹೆಜ್ಜೆಯಿಟ್ಟರು. ಮುಚ್ಚುವ ಕಾಫಿ ಹೌಸುಗಳನ್ನು ತಾವೇ ಸಹಕಾರ ಸಂಘಗಳ ಮೂಲಕ ನಡೆಸುವುದೆಂದು ನಿಶ್ಚಯಿಸಿದರು. ಇಂತಹ ಮೊದಲ ಸಂಘ 1957ರ ಆಗಸ್ಟ್ 19ರಂದು ನಮ್ಮ ಬೆಂಗಳೂರಿನಲ್ಲಿಯೇ ಸ್ಥಾಪಿತವಾಯಿತೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಅದೇ ವರ್ಷ ಅಕ್ಟೋಬರ್ 27ರಂದು ದೆಹಲಿಯಲ್ಲಿಯೂ, 1958ರಲ್ಲಿ ಕೇರಳದ ತ್ರಿಶ್ಶೂರಿನಲ್ಲಿಯೂ ನೌಕರರ ಕಾಫಿ ಹೌಸುಗಳು ತೆರೆದವು. ಕೇರಳದಲ್ಲಿ ಈ ಕಾರ್ಯದ ಮುಂದಾಳು ಎನ್. ಎಸ್. ಪರಮೇಶ್ವರನ್ ಪಿಳ್ಳೆಯವರು ಜನರ ಬಾಯಲ್ಲಿ ‘ಕಾಫಿ ಹೌಸ್ ಪಿಳ್ಳೆ’ ಎಂದೇ ಹೆಸರಾದರು.

ತುರಾಯಿಯ ಪೇಟ ಧರಿಸಿ ಬಡಿಸುವವನು ಇಲ್ಲಿ ನೌಕರನೂ ಹೌದು, ಷೇರುದಾರನೂ ಹೌದು. ಆಡಳಿತ ಸಮಿತಿಯನ್ನು ಸದಸ್ಯರಾದ ನೌಕರರೇ ಚುನಾಯಿಸುವರು. ಲಾಭವು ಒಬ್ಬನ ಮನೆಗೆ ಹೋಗುವುದಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೌಕರನೇ ಧಣಿಯಾದ ಮಾತ್ರಕ್ಕೆ ಮುಪ್ಪಿನ ಭದ್ರತೆ ತಾನಾಗಿಯೇ ಬರಲಿಲ್ಲ. ಭವಿಷ್ಯ ನಿಧಿಯ ಕಂತು, ಉಪದಾನ, ಬೋನಸ್ಸು ಇವನ್ನು ಸಹಕಾರ ಸಂಘವೂ ಗಳಿಕೆಯಿಂದಲೇ ತೆಗೆದಿಡಬೇಕು. ಕಾಫಿಯ ಬೆಲೆಯನ್ನು ಸಾಮಾನ್ಯನ ಕೈಗೆಟಕುವಂತೆ ಇಡಬೇಕು, ನೌಕರನ ಹಕ್ಕಿನಲ್ಲಿ ಒಂದು ಪೈಸೆಯನ್ನೂ ಕಡಿಯಬಾರದು, ಏರುವ ಬಾಡಿಗೆಯನ್ನೂ ಕಟ್ಟಬೇಕು. ಈ ಮೂರನ್ನು ಕೂಡಿಸಲು ಕೆಲವು ಸಂಘಗಳು ಬಹಳ ಕಷ್ಟಪಟ್ಟವು. ಬಾಡಿಗೆಯ ಬಾಕಿಯಿಂದ ದೆಹಲಿಯ ಕಾಫಿ ಹೌಸು 2009ರಲ್ಲಿ ಮುಚ್ಚುವ ಅಂಚಿಗೆ ಬಂದಿತ್ತು. ಅದೇ ವರ್ಷ ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆಯ ಕಾಫಿ ಹೌಸು ತನ್ನ ಹಳೆಯ ಕಟ್ಟಡವನ್ನು ಬಿಟ್ಟು ಚರ್ಚ್ ಸ್ಟ್ರೀಟಿಗೆ ಸ್ಥಳಾಂತರವಾಯಿತು. ಧಣಿ ಯಾರೇ ಇರಲಿ, ನೌಕರನ ಪಾಲನ್ನು ಮೊದಲು ತೆಗೆದಿಟ್ಟು ಅನಂತರ ಬೆಲೆ ನಿಗದಿ ಮಾಡುವ ಶಿಸ್ತು ಅತ್ಯಗತ್ಯವೆಂಬುದೇ ಇದರ ಪಾಠ.

ಒಂದು ಚಿಕ್ಕ ಲೆಕ್ಕ

ವಾಚಕರಲ್ಲಿ ವ್ಯಾಪಾರಸ್ಥರು ಹೆಚ್ಚಿನವರಾದ್ದರಿಂದ ವಿಷಯವನ್ನು ಅಂಕಿಗಳಲ್ಲಿ ನೋಡೋಣ. ತಿಂಗಳಿಗೆ 15,000 ರೂ. ವೇತನದ ಒಬ್ಬ ಮಾಣಿಯಿದ್ದಾನೆನ್ನಿ. ಮನೆಯಲ್ಲಿ ಕಾಯಿಲೆಯೆಂದು 20,000 ರೂ. ಕೈಸಾಲ ಮಾಡುತ್ತಾನೆ. ಲೇವಾದೇವಿಯವನ ದರ ನೂರಕ್ಕೆ ತಿಂಗಳಿಗೆ 5 ರೂ. ಎಂದಾದರೆ, ಕೇಳಲು ಅದು ಅಲ್ಪವೆನಿಸುತ್ತದೆ, ವರ್ಷದ ಲೆಕ್ಕದಲ್ಲಿ ಶೇಕಡಾ 60. ತಿಂಗಳಿಗೆ 1,000 ರೂ., ವರ್ಷಕ್ಕೆ 12,000 ರೂ. ಬಡ್ಡಿಗೇ ಹೋಗಿ ಅಸಲು ಹಾಗೆಯೇ ನಿಲ್ಲುತ್ತದೆ.

ಇದೇ ನೌಕರನಿಗೆ ಭವಿಷ್ಯ ನಿಧಿಯ ಖಾತೆಯಿದ್ದರೆ ಅವನ ಕಂತು ಶೇಕಡಾ 12ರಂತೆ 1,800 ರೂ. ಧಣಿಯದೂ ಅಷ್ಟೇ. ಧಣಿಯ ಪಾಲಿನಲ್ಲಿ 1,250 ರೂ. ಪಿಂಚಣಿಗೆ ಹೋಗಿ, ಉಳಿದ 550 ರೂ. ಅವನ ನಿಧಿಗೆ ಸೇರುತ್ತದೆ. ಹೀಗೆ ತಿಂಗಳಿಗೆ 2,350 ರೂ., ವರ್ಷಕ್ಕೆ 28,200 ರೂ. ಬಡ್ಡಿಯನ್ನು ಬಿಟ್ಟರೂ 10 ವರ್ಷಗಳಲ್ಲಿ 2,82,000 ರೂ. ಆಗುತ್ತದೆ. ಇದರ ಜೊತೆಗೆ ವರ್ಷಕ್ಕೆ 15 ದಿನದ ವೇತನದಂತೆ, ತಿಂಗಳನ್ನು 26 ದಿನವೆಂದು ಎಣಿಸಿದರೆ, 10 ವರ್ಷದ ಉಪದಾನ ಸುಮಾರು 86,500 ರೂ. ಕಾಯಿಲೆಗೆ ರಾಜ್ಯ ವಿಮೆಯಿದ್ದರೆ ಆ ಕೈಸಾಲದ ಪ್ರಸಂಗವೇ ಬಾರದಿರಬಹುದು. 2019ರ ಜುಲೈ ತಿಂಗಳಿಂದ ಆ ವಿಮೆಗೆ ಧಣಿಯ ಕಂತು ಶೇಕಡಾ 3.25, ನೌಕರನದು ಶೇಕಡಾ 0.75 ಎಂದು ಇಳಿಸಲಾಯಿತು.

ಟಿಪ್ಸಿನ ವಿಷಯವನ್ನೂ ಇಲ್ಲಿಯೇ ಹೇಳಬೇಕು. ಗಿರಾಕಿಯು ಕೊಡುವ ಟಿಪ್ಸು ಧಣಿಯು ಕೊಡುವ ಸಂಬಳವಲ್ಲ ಎಂದು 2016ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆದಾಯ ತೆರಿಗೆಯ ಒಂದು ಪ್ರಕರಣದಲ್ಲಿ ತೀರ್ಮಾನಿಸಿತು. ತೆರಿಗೆಯ ಮಟ್ಟಿಗೆ ಇದು ನೌಕರನಿಗೆ ಅನುಕೂಲವೇ. ಆದರೆ ಸಂಬಳ ಕಡಿಮೆಯಿಟ್ಟು, “ಟಿಪ್ಸು ಬರುತ್ತದಲ್ಲ” ಎನ್ನುವ ಧಣಿಯು ನೌಕರನ ಇಂದಿನ ಸಂಬಳವನ್ನು ಮಾತ್ರವಲ್ಲ, ಸಂಬಳದ ಮೇಲೆ ಎಣಿಸುವ ನಿಧಿಯನ್ನೂ ಉಪದಾನವನ್ನೂ ಕಡಿತಗೊಳಿಸುತ್ತಾನೆ. ಟಿಪ್ಸು ಇಂದಿನ ಜೇಬನ್ನು ತುಂಬಿಸಬಹುದು, ಮುಪ್ಪಿಗೆ ಏನನ್ನೂ ಉಳಿಸದು.

ಪರೀಕ್ಷೆಯ ಕಾಲ

ಈ ಲೆಕ್ಕದ ನಿಜವಾದ ಪರೀಕ್ಷೆ ನಡೆದದ್ದು 2020ರಲ್ಲಿ. ಆ ವರ್ಷ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಜನ ಕೂಡಿ ಉಣ್ಣುವ ಸ್ಥಳಗಳಾದ ಹೋಟೆಲುಗಳು ಮೊದಲು ಮುಚ್ಚಿ ಕೊನೆಯಲ್ಲಿ ತೆರೆದ ಉದ್ಯಮಗಳಲ್ಲಿ ಸೇರಿದ್ದವು. ಭವಿಷ್ಯ ನಿಧಿಯ ಸದಸ್ಯರು ತಮ್ಮ ಖಾತೆಯ ಶೇಕಡಾ 75 ಅಥವಾ 3 ತಿಂಗಳ ವೇತನ, ಇವೆರಡರಲ್ಲಿ ಕಡಿಮೆಯಾದುದನ್ನು ಮರಳಿ ಕಟ್ಟಬೇಕಿಲ್ಲದ ಮುಂಗಡವಾಗಿ ಪಡೆಯಬಹುದೆಂದು ಸರ್ಕಾರವು ಆ ತಿಂಗಳ ಕೊನೆಯಲ್ಲಿ ಆದೇಶಿಸಿತು. ಖಾತೆಯಿದ್ದವನಿಗೆ ಅಕ್ಕಿ-ಬೇಳೆಗೆ ಒಂದು ದಾರಿಯಾಯಿತು. ಖಾತೆಯಿಲ್ಲದವನು ಧಣಿಯ ಮುಖ ನೋಡಿದನು. ಧಣಿಯ ಗಲ್ಲಾವೂ ಬರಿದಾಗಿತ್ತು. ಉಳಿದದ್ದು ಊರಿನ ದಾರಿಯೊಂದೇ. ದಯಾವಂತನಾದ ಧಣಿಯೂ ಕೊಡಲಾರದ ಕಾಲ ಬರುತ್ತದೆಂಬುದನ್ನು ಆ ವರ್ಷವು ಎಲ್ಲರಿಗೂ ಕಲಿಸಿತು. ದಯೆಯು ಶ್ರೇಷ್ಠ ಗುಣ, ಆದರೆ ಅದು ಧಣಿಯ ಸಂಪತ್ತನ್ನು ಅವಲಂಬಿಸಿದೆ. ಹಕ್ಕಿನ ಹಣವು ಮೊದಲೇ ಬೇರೆಯಾಗಿ ಕೂಡಿಟ್ಟದ್ದಾಗಿರುತ್ತದೆ.

ಧಣಿಗೆ ಏನು ಲಾಭ?

“ನಮ್ಮದು ಚಿಕ್ಕ ಲಾಭದ ವ್ಯಾಪಾರ, ಹುಡುಗರು ಇಂದು ಬಂದು ನಾಳೆ ಹೋಗುವವರು, ಇವರಿಗೆಲ್ಲ ನಿಧಿ ಕಟ್ಟಿ ಉಳಿಯುವುದೆಂತು?” ಎಂದು ಹೋಟೆಲು ಮಾಲೀಕರು ಕೇಳುವುದುಂಟು. ಪ್ರಶ್ನೆ ಪ್ರಾಮಾಣಿಕವಾದದ್ದೇ. ಆದರೆ ಹುಡುಗರು ಬಿಟ್ಟುಹೋಗುವುದಕ್ಕೆ ಅವರನ್ನು ಹಿಡಿದಿಡುವಂಥದ್ದು ಏನೂ ಇಲ್ಲದಿರುವುದೂ ಒಂದು ಕಾರಣ. ಅಡಿಗೆಯವನು ಬದಲಾದರೆ ಸಾಂಬಾರಿನ ರುಚಿ ಬದಲಾಗುತ್ತದೆ. ಹೊಸ ಮಾಣಿಯು ಗಿರಾಕಿಯ ಅಭ್ಯಾಸಗಳನ್ನು ಅರಿಯಲು ತಿಂಗಳುಗಳು ಬೇಕು. ಸಾಲಗಾರರ ಕಾಟಕ್ಕೆ ಸಿಕ್ಕವನ ಮನಸ್ಸು ಕೆಲಸದಲ್ಲಿ ನಿಲ್ಲದು, ಗಲ್ಲಾದ ಮೇಲಿರುವವನಾದರೆ ಪ್ರಲೋಭನೆಯೂ ಸಮೀಪದಲ್ಲಿಯೇ ಇರುತ್ತದೆ. ಈ ನಷ್ಟಗಳು ಕಿರ್ದಿಯಲ್ಲಿ ಬರೆಯಲ್ಪಡದಿದ್ದರೂ ವರ್ಷಾಂತ್ಯದ ಲಾಭದಲ್ಲಿ ಕಾಣಿಸುತ್ತವೆ. ನಿಧಿಯ ಕಂತು ತಿಂಗಳಿಗೆ ಇಷ್ಟೆಂದು ಗೊತ್ತಾದ ಖರ್ಚು. ಆಕಸ್ಮಿಕವಾಗಿ ಕೇಳಲ್ಪಡುವ ಮುಂಗಡವಾದರೋ ಗೊತ್ತಿಲ್ಲದ ಖರ್ಚು. ಗೊತ್ತಾದ ಖರ್ಚನ್ನೇ ಜಾಣ ವ್ಯಾಪಾರಿಯು ಆರಿಸಿಕೊಳ್ಳುವನು.

ಕಾಯಿದೆಯ ದಿಕ್ಕೂ ಇದೇ ಆಗಿದೆ. 2006ರ ಅಕ್ಟೋಬರ್ 10ರಿಂದ ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆ ನಿಷಿದ್ಧವಾಯಿತು. ಲೋಟ ತೊಳೆಯುವ ಬಾಲಕನಿಂದ ಆರಂಭವಾಗುತ್ತಿದ್ದ ಹಳೆಯ ಮೆಟ್ಟಿಲಿಗೆ ಅಲ್ಲಿಗೆ ತೆರೆ ಬಿದ್ದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಹಳೆಯ ಅನೇಕ ಕಾಯಿದೆಗಳನ್ನು ಒಗ್ಗೂಡಿಸಿ, ನೇಮಕಾತಿ ಪತ್ರವನ್ನು ಕಡ್ಡಾಯಗೊಳಿಸಿವೆ. ನಿಗದಿತ ಅವಧಿಗೆ ನೇಮಕವಾದವನಿಗೆ ಒಂದು ವರ್ಷದ ಸೇವೆಗೂ ಉಪದಾನದ ಹಕ್ಕು ನೀಡಿವೆ. ಆದರೂ 10 ಜನರಿಗಿಂತ ಕಡಿಮೆಯಿರುವ ದರ್ಶಿನಿ, ಖಾನಾವಳಿಗಳ ನೌಕರರಲ್ಲಿ ಹೆಚ್ಚಿನವರು ಇಂತಹ ಹಕ್ಕುಗಳ ಹೊರಗೇ ಉಳಿಯುತ್ತಾರೆ. ಕಾಯಿದೆಯ ಕೈ ಮುಟ್ಟದ ಈ ಜಾಗವೇ ನೀತಿಯ ಕ್ಷೇತ್ರ.

ಅಲ್ಲಿ ಧಣಿಯಾದವನು ಮಾಡಬಹುದಾದದ್ದು ದೊಡ್ಡದೇನೂ ಅಲ್ಲ. ಪ್ರತಿ ನೌಕರನಿಗೂ ಅವನ ಹೆಸರಿನಲ್ಲೇ ಬ್ಯಾಂಕಿನ ಖಾತೆ ಮಾಡಿಸುವುದು, ಸಂಬಳವನ್ನು ಗೊತ್ತಾದ ದಿನ ಅದಕ್ಕೇ ಜಮಾ ಮಾಡುವುದು, ಕೊಟ್ಟ ಮುಂಗಡವನ್ನು ಇಬ್ಬರ ಸಹಿಯೊಡನೆ ಬರೆದಿಟ್ಟು ಬಡ್ಡಿಯಿಲ್ಲದೆ ಸಣ್ಣ ಕಂತುಗಳಲ್ಲಿ ಮುರಿದುಕೊಳ್ಳುವುದು, ತಿಂಗಳಿಗೆ ಅಲ್ಪ ಮೊತ್ತವನ್ನಾದರೂ ಅವನ ಮುಪ್ಪಿಗೆಂದು ಅವನ ಖಾತೆಗೇ ಸೇರಿಸುವುದು. ನಮ್ಮ ಗಿರಾಕಿಯು ಕೊಡಬೇಕಾದ ಉದ್ರಿಯನ್ನು ನಾವು ಎಷ್ಟು ನಿಷ್ಠೆಯಿಂದ ಬರೆದಿಡುತ್ತೇವೆಯೋ, ನಮ್ಮ ನೌಕರನಿಗೆ ನಾವು ಕೊಡಬೇಕಾದುದನ್ನೂ ಅಷ್ಟೇ ನಿಷ್ಠೆಯಿಂದ ಬರೆದಿಡೋಣ. ಎರಡು ಕಡೆಯೂ ಸರಿಹೊಂದಿದಾಗಲೇ ಲೆಕ್ಕ ಶುದ್ಧವೆನಿಸಿಕೊಳ್ಳುತ್ತದೆ.