ಕಾರಿನ ಆಂಪ್ಲಿಫೈಯರ್: ಡಬ್ಬದ ಮೇಲಿನ ವ್ಯಾಟ್ ಎಷ್ಟು ನಿಜ?

ಕಾರಿನ ಜೊತೆ ಬಂದ ಸ್ಪೀಕರ್‌ಗಳನ್ನು ತೆಗೆಸಿ ಒಳ್ಳೆಯ ಸ್ಪೀಕರ್ ಹಾಕಿಸಿದ್ದಾಯಿತು. ಮೊದಲೆರಡು ದಿನ ಖುಷಿಯೋ ಖುಷಿ. ವಾರ ಕಳೆಯುವಷ್ಟರಲ್ಲಿ ಅನುಮಾನ ಶುರುವಾಗುತ್ತದೆ. ಹಾಡು ಮೊದಲಿಗಿಂತ ಸ್ಪಷ್ಟವಾಗಿದೆ ನಿಜ, ಆದರೆ ಹೆದ್ದಾರಿಯಲ್ಲಿ ಸದ್ದು ಏರಿಸಿದರೆ ದನಿ ಒಡೆಯುತ್ತದೆ, ಮೃದಂಗದ ಪೆಟ್ಟಿಗೆ ತೂಕವೇ ಇಲ್ಲ. ಅಂಗಡಿಯವರನ್ನು ಕೇಳಿದರೆ "ಆಂಪ್ಲಿಫೈಯರ್ ಹಾಕ್ಸಿ ಸರ್" ಎನ್ನುತ್ತಾರೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲೋ ಆನ್‌ಲೈನಿನಲ್ಲೋ ಹುಡುಕಲು ಹೊರಟರೆ ತಲೆ ಕೆಡುತ್ತದೆ. ದೊಡ್ಡಕ್ಷರದಲ್ಲಿ 4000 ವ್ಯಾಟ್ ಎಂದು ಬರೆದ ಡಬ್ಬವೇ 60 ವ್ಯಾಟ್ × 4 ಎಂದು ಬರೆದ ಡಬ್ಬಕ್ಕಿಂತ ಅಗ್ಗವಾಗಿರುವುದುಂಟು!

ಇವೆರಡರಲ್ಲಿ ಒಂದನ್ನು ಆರಿಸಬೇಕಾದರೆ ನಾವು ಎರಡನೆಯದನ್ನೇ ಆರಿಸುತ್ತೇವೆ. ಕಾರಣ ತಿಳಿಯಲು ಹೈಸ್ಕೂಲಿನ ವಿಜ್ಞಾನ ಸಾಕು.

ಸ್ಟೀರಿಯೊದಿಂದಲೇ ಶುರುಮಾಡೋಣ. ಬಹುತೇಕ ಕಾರ್ ಸ್ಟೀರಿಯೊಗಳ ಮೇಲೆ 50 ವ್ಯಾಟ್ × 4 ಎಂದಿರುತ್ತದೆ. ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿ ಸಿಗುವ ವೋಲ್ಟೇಜ್ ಸುಮಾರು 14.4. ಸಾಮಾನ್ಯ ಕಾರ್ ಸ್ಪೀಕರಿನ ತಡೆ 4 ಓಮ್. ವೋಲ್ಟೇಜನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ತಡೆಯಿಂದ ಭಾಗಿಸಿದರೆ ಸುಮಾರು 52 ವ್ಯಾಟ್. ಆ 50 ಬರುವುದು ಇಲ್ಲಿಂದ. ಆದರೆ ಇಷ್ಟು ಶಕ್ತಿ ಹೊರಬರಬೇಕಾದರೆ ದನಿಯ ಅಲೆ ಪೂರ್ತಿ ಚೌಕಾಕಾರಕ್ಕೆ ತಿರುಗಿರಬೇಕು, ಅಂದರೆ ಹಾಡು ಹಾಡಾಗಿ ಉಳಿದಿರುವುದಿಲ್ಲ. ಅಲೆ ದುಂಡಗೆ, ಸರಿಯಾದ ಆಕಾರದಲ್ಲಿದ್ದರೆ ಲೆಕ್ಕ ಅರ್ಧಕ್ಕಿಳಿದು 26 ವ್ಯಾಟ್ ಆಗುತ್ತದೆ. ಒಳಗಿನ ನಷ್ಟ ಕಳೆದರೆ ಪ್ರತಿ ಸ್ಪೀಕರಿಗೆ ನಿಜವಾಗಿ ಸಿಗುವುದು 18ರಿಂದ 22 ವ್ಯಾಟ್. ಹೀಗೆ ಎಡೆಬಿಡದೆ ಕೊಡಬಲ್ಲ ಶಕ್ತಿಯನ್ನೇ ಆರ್‌ಎಂಎಸ್ ವ್ಯಾಟ್ ಎನ್ನುತ್ತಾರೆ. 'ಮ್ಯಾಕ್ಸ್', 'ಪೀಕ್' ಎಂದು ಬರೆದ ಅಂಕಿಗಳನ್ನು ಓದದೆ ಮುಂದೆ ಹೋದರೂ ನಷ್ಟವಿಲ್ಲ.

ಪ್ರತ್ಯೇಕ ಆಂಪ್ಲಿಫೈಯರ್ ಬೇಕಾಗುವುದು ಇದೇ ಕಾರಣಕ್ಕೆ. 4 ಓಮ್ ಸ್ಪೀಕರಿಗೆ ಶುದ್ಧವಾದ 60 ವ್ಯಾಟ್ ಕೊಡಲು ಅಲೆಯ ತುದಿ ಸುಮಾರು 22 ವೋಲ್ಟ್ ಮುಟ್ಟಬೇಕು. ಕಾರಿನಲ್ಲಿ ಅಷ್ಟು ವೋಲ್ಟೇಜೇ ಇಲ್ಲ. ಆಂಪ್ಲಿಫೈಯರ್ ತನ್ನೊಳಗಿನ ಪವರ್ ಸಪ್ಲೈನಿಂದ ಮೊದಲು ವೋಲ್ಟೇಜನ್ನು ಏರಿಸಿಕೊಳ್ಳುತ್ತದೆ, ಆಮೇಲೆ ದನಿಯನ್ನು ಹಿಗ್ಗಿಸುತ್ತದೆ.

ಈಗ 4000 ವ್ಯಾಟ್ ಡಬ್ಬಕ್ಕೆ ಬರೋಣ. 4000 ವ್ಯಾಟ್ ಹೊರಬರಬೇಕಾದರೆ, ಸ್ವಲ್ಪವೂ ನಷ್ಟವಾಗದಿದ್ದರೂ, ಬ್ಯಾಟರಿಯಿಂದ ಸುಮಾರು 278 ಆಂಪಿಯರ್ ಎಳೆಯಬೇಕು. ಸಾಮಾನ್ಯ ಕಾರುಗಳ ಆಲ್ಟರ್ನೇಟರ್ ಕೊಡುವುದೇ 70ರಿಂದ 120 ಆಂಪಿಯರ್, ಅದರಲ್ಲೇ ಹೆಡ್‌ಲೈಟು, ಎಸಿ ಫ್ಯಾನು, ವೈಪರು ಎಲ್ಲವೂ ಓಡಬೇಕು. ಡಬ್ಬದ ಹಿಂಬದಿ ತಿರುಗಿಸಿ ಫ್ಯೂಸ್ ನೋಡಿ. ಅಲ್ಲಿ 30 ಆಂಪಿಯರಿನ ಒಂದೇ ಫ್ಯೂಸ್ ಇದ್ದರೆ, 30ನ್ನು 14.4ರಿಂದ ಗುಣಿಸಿ: 432 ವ್ಯಾಟ್. ಒಳಗೆ ಹೋಗುವುದೇ ಇಷ್ಟು. ಡಿ ದರ್ಜೆಯ ಆಂಪ್ಲಿಫೈಯರ್ ಇದರಲ್ಲಿ ಸುಮಾರು 80 ಶೇಕಡಾ ದನಿಗೆ ಬಳಸುತ್ತದೆ, ಹಳೆಯ ಎಬಿ ದರ್ಜೆಯದು ಹೆಚ್ಚುಕಡಿಮೆ ಅರ್ಧವನ್ನು, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅಂದಮೇಲೆ ನಾಲ್ಕು ಚಾನಲ್‌ಗೆ ಹಂಚಿದರೆ, ಹೆಚ್ಚೆಂದರೆ ತಲಾ 85 ಅಥವಾ 55 ವ್ಯಾಟ್. ಫ್ಯೂಸು ಕ್ಷಣಮಾತ್ರದ ಏರಿಕೆಯನ್ನು ತಡೆದುಕೊಳ್ಳುತ್ತದೆ, ಹಾಗಾಗಿ ಇದು ತಕ್ಕಡಿಯ ತೂಕವಲ್ಲ, ಅಂದಾಜು. ಆದರೂ 400ಕ್ಕೂ 4000ಕ್ಕೂ ಇರುವ ವ್ಯತ್ಯಾಸ ಹಿಡಿಯಲು ಈ ಅಂದಾಜು ಧಾರಾಳ ಸಾಕು. ಡಬ್ಬದ ಮೇಲೆ ಸಿಇಎ-2006 ಅಥವಾ ಸಿಟಿಎ-2006 ಎಂದಿದ್ದರೆ ಇನ್ನೂ ಒಳ್ಳೆಯದು. ಎಲ್ಲ ತಯಾರಕರೂ 14.4 ವೋಲ್ಟ್, 4 ಓಮ್, 1 ಶೇಕಡಾ ವಿರೂಪದ ಮಿತಿಯಲ್ಲೇ ಅಳೆಯಬೇಕೆನ್ನುವ ಅಮೆರಿಕದ ಮಾನದಂಡ ಅದು.

ಹಾಗಾದರೆ ಎಷ್ಟು ವ್ಯಾಟ್ ಬೇಕು? ಸ್ಪೀಕರಿನ ಆರ್‌ಎಂಎಸ್ ಅಂಕಿ ನೋಡಿ, ಅದರ ಆಸುಪಾಸಿನದನ್ನೇ ಕೊಳ್ಳಿ. ಬದಲಾಯಿಸಿದ ಬಾಗಿಲ ಸ್ಪೀಕರುಗಳಲ್ಲಿ ಹೆಚ್ಚಿನವಕ್ಕೆ ತಲಾ 50ರಿಂದ 75 ಸಾಕು. ಇಲ್ಲಿ ಒಂದು ನಿಜ ಹೇಳಬೇಕು: 20ರಿಂದ 60 ವ್ಯಾಟಿಗೆ ಏರಿದರೆ ಸದ್ದು ಮೂರು ಪಟ್ಟಾಗುವುದಿಲ್ಲ. ಶಕ್ತಿ ಇಮ್ಮಡಿಯಾದಾಗ ಏರುವುದು 3 ಡೆಸಿಬೆಲ್, ಮುಮ್ಮಡಿಯಾದರೆ ಐದಕ್ಕೂ ತುಸು ಕಡಿಮೆ. ಕಿವಿಗೆ ಎರಡರಷ್ಟು ಜೋರು ಅನ್ನಿಸಲು ಸುಮಾರು 10 ಡೆಸಿಬೆಲ್, ಎಂದರೆ ಹತ್ತು ಪಟ್ಟು ಶಕ್ತಿ ಬೇಕು. ಹಾಡು ಕೇಳುವಾಗ ಸರಾಸರಿ ಖರ್ಚಾಗುವುದು ಕೆಲವೇ ವ್ಯಾಟ್. ಮೃದಂಗದ ಒಂದು ಪೆಟ್ಟಿಗೆ ಮಾತ್ರ ಆ ಕ್ಷಣ ಹತ್ತು ಪಟ್ಟು ಬೇಕಾಗುತ್ತದೆ. ಆಗ ಅಲೆಯ ತಲೆ ಕತ್ತರಿಸಿಹೋಗದೆ ಪೂರ್ತಿ ಕೇಳುವುದೇ ಆಂಪ್ಲಿಫೈಯರಿನ ಲಾಭ. ಕೇವಲ ಜೋರು ಬೇಕಿದ್ದವರು ಸ್ಪೀಕರ್ ಕೊಳ್ಳುವಾಗಲೇ ಸೆನ್ಸಿಟಿವಿಟಿ ನೋಡಬೇಕಿತ್ತು. 90 ಡೆಸಿಬೆಲ್ಲಿನ ಸ್ಪೀಕರ್ 30 ವ್ಯಾಟಿನಲ್ಲಿ ಮಾಡುವ ಸದ್ದಿಗೆ 87ರದ್ದು 60 ವ್ಯಾಟ್ ಕೇಳುತ್ತದೆ.

"ಚಿಕ್ಕ ಆಂಪ್ಲಿಫೈಯರ್ ಹಾಕಿದರೆ ಸ್ಪೀಕರ್ ಸುಡುತ್ತದೆ" ಎಂಬ ಮಾತೂ ಅಂಗಡಿಗಳಲ್ಲಿ ಕೇಳಿಸುತ್ತದೆ. ಕಡಿಮೆ ಶಕ್ತಿಯಿಂದ ಯಾವ ಸ್ಪೀಕರೂ ಸುಡುವುದಿಲ್ಲ. ಹಾಗಿದ್ದರೆ ಸಣ್ಣಗೆ ಹಾಡು ಕೇಳಿದಾಗಲೆಲ್ಲ ಸುಡಬೇಕಿತ್ತು. ಸುಡುವುದು ಬಿಸಿಯಿಂದ. ಚಿಕ್ಕ ಆಂಪ್ಲಿಫೈಯರಿನ ಕಿವಿ ಹಿಂಡಿ ಅದರ ಶಕ್ತಿ ಮೀರಿ ಕೂಗಿಸಿದಾಗ ಅಲೆ ಚೌಕಾಕಾರಕ್ಕೆ ತಿರುಗುತ್ತದೆ, ಸರಾಸರಿ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಜೊತೆಗೆ ಕೀರಲು ಸ್ವರಗಳು ಹುಟ್ಟಿ ಪುಟ್ಟ ಟ್ವೀಟರಿನ ಮೇಲೆ ಬೀಳುತ್ತವೆ. ದೊಡ್ಡ ಆಂಪ್ಲಿಫೈಯರನ್ನು ಮಿತಿಮೀರಿ ಏರಿಸಿದರೂ ಸುಡುತ್ತದೆ. ತಪ್ಪು ಗುಬುಟು ತಿರುಗಿಸುವ ಕೈಯದು.

ಆ ಗುಬುಟುಗಳಲ್ಲಿ 'ಗೇನ್' ಎಂಬುದೊಂದಿದೆ. ಅದು ವಾಲ್ಯೂಮ್ ಅಲ್ಲ, ಸ್ಟೀರಿಯೊದ ವೋಲ್ಟೇಜಿಗೆ ಆಂಪ್ಲಿಫೈಯರನ್ನು ಹೊಂದಿಸುವ ಗುಬುಟು. ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲು ಭಾಗ ಏರಿಸಿ, ಗೇನನ್ನು ನಿಧಾನವಾಗಿ ತಿರುಗಿಸುತ್ತ, ದನಿ ಒಡೆಯತೊಡಗಿದಲ್ಲಿಂದ ತುಸು ಹಿಂದೆ ನಿಲ್ಲಿಸಿ. ಮಲ್ಟಿಮೀಟರ್ ಇದ್ದರೆ ಸ್ಪೀಕರ್ ವೈರ್ ಬಿಡಿಸಿ, ಟೆಸ್ಟ್ ಟೋನ್ ಹಾಕಿ, ಹೊರಬರುವ ಎಸಿ ವೋಲ್ಟೇಜನ್ನೇ ಅಳೆಯಬಹುದು: 4 ಓಮಿನಲ್ಲಿ 50 ವ್ಯಾಟ್ ಎಂದರೆ 14.1 ವೋಲ್ಟ್.

ದುಡ್ಡು ಉಳಿಸಲು ಎಲ್ಲಿ ಕೈ ಬಿಗಿ ಮಾಡಬಹುದು? ಬಣ್ಣದ ದೀಪ, ಬ್ಲೂಟೂತ್, 0.1ರ ಬದಲು 0.01 ಶೇಕಡಾ ವಿರೂಪ: ಇವಕ್ಕೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಕಿಲ್ಲ, ಓಡುವ ಕಾರಿನ ಟೈರಿನ ಗದ್ದಲದಲ್ಲಿ ಆ ವ್ಯತ್ಯಾಸ ಯಾರಿಗೂ ಕೇಳಿಸದು. ಕಂಪನಿಯ ಸ್ಟೀರಿಯೊವನ್ನೇ ಉಳಿಸಿಕೊಳ್ಳುವವರು ಮಾತ್ರ 'ಹೈ ಲೆವೆಲ್ ಇನ್‌ಪುಟ್' ಇದೆಯೇ ಎಂದು ಖಾತ್ರಿಪಡಿಸಿಕೊಳ್ಳಿ, ಇಲ್ಲದಿದ್ದರೆ ಮತ್ತೊಂದು ಸಾಮಾನು ಕೊಳ್ಳಬೇಕಾಗುತ್ತದೆ. ಮುಂದೆಂದಾದರೂ ಸಬ್‌ವೂಫರ್ ಸೇರಿಸುವ ಆಸೆಯಿದ್ದರೆ ನಾಲ್ಕು ಚಾನಲ್ಲಿನದೇ ಲಾಭ: ಎರಡು ಮುಂದಿನ ಬಾಗಿಲಿಗೆ, ಉಳಿದೆರಡನ್ನು ಜೋಡಿಸಿ ಸಬ್‌ವೂಫರಿಗೆ.

ಕೈ ಬಿಗಿ ಮಾಡಬಾರದ್ದು ವೈರಿನಲ್ಲಿ. ಅಗ್ಗದ ವೈರಿಂಗ್ ಕಿಟ್‌ಗಳಲ್ಲಿ ಹೆಚ್ಚಾಗಿ ಇರುವುದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಅಷ್ಟೇ ದಪ್ಪದ ತಾಮ್ರದ ವೈರಿಗಿಂತ ಅದರ ತಡೆ ಸುಮಾರು ಒಂದೂವರೆ ಪಟ್ಟು ಹೆಚ್ಚು, ಹಾಗಾಗಿ ಬಿಸಿಯೂ ಹೆಚ್ಚು. ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ. 30–40 ಆಂಪಿಯರಿನ ಆಂಪ್ಲಿಫೈಯರಿಗೆ 8 ಗೇಜಿನ ಶುದ್ಧ ತಾಮ್ರ ಕೇಳಿ ಪಡೆಯಿರಿ. ಇನ್ನೊಂದು ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ, ಒಂದೂವರೆ ಅಡಿಯೊಳಗೆ ಇರಲೇಬೇಕು. ಆಂಪ್ಲಿಫೈಯರಿನಲ್ಲೇ ಒಂದಿದೆಯಲ್ಲ ಎಂದು ಕೆಲಸಗಾರರು ಅದನ್ನು ಬಿಟ್ಟುಬಿಡುವುದುಂಟು. ಆಂಪ್ಲಿಫೈಯರಿನ ಫ್ಯೂಸ್ ಕಾಯುವುದು ಆಂಪ್ಲಿಫೈಯರನ್ನು. ಬ್ಯಾಟರಿಯಿಂದ ಡಿಕ್ಕಿಯವರೆಗೆ ತಗಡಿನ ಅಂಚುಗಳ ನಡುವೆ ಹಾಯ್ದುಹೋಗುವ ವೈರು ಎಲ್ಲಾದರೂ ಸವೆದು ಕಾರಿನ ಮೈಗೆ ತಗುಲಿದರೆ, ಬ್ಯಾಟರಿ ತನ್ನಲ್ಲಿರುವ ನೂರಾರು ಆಂಪಿಯರನ್ನು ಅದರೊಳಗೆ ಸುರಿದು ಬೆಂಕಿ ಹೊತ್ತಿಸುತ್ತದೆ. ಅದನ್ನು ತಡೆಯುವುದು ಬ್ಯಾಟರಿ ಪಕ್ಕದ ಫ್ಯೂಸ್ ಮಾತ್ರ. ಗಾಡಿ ವಾಪಸು ಪಡೆಯುವ ಮುನ್ನ ಬಾನೆಟ್ ತೆಗೆಸಿ, ಅದು ಎಲ್ಲಿದೆ ಎಂದು ತೋರಿಸಲು ಹೇಳಿ.