ಪರ್ಷಿಯದ ಮಜ್ಲಿಸ್ಸೂ ಹೊರಗಿನವರೂ

ಮುಸ್ಲಿಮರು ಬಹುಸಂಖ್ಯಾತರಾಗಿರುವ ನಾಡುಗಳಲ್ಲಿ ರಾಜ್ಯವ್ಯವಸ್ಥೆಯ ಸುಧಾರಣೆಗಾಗಿ ಹೊರಗಿನವರು ಒತ್ತಾಯ ತರಬೇಕೇ, ಕೂಡದೇ? ಈ ಪ್ರಶ್ನೆಯನ್ನೆತ್ತುವವರು ಸಾಮಾನ್ಯವಾಗಿ ಒಂದು ಮಾತನ್ನು ಗೃಹೀತ ಹಿಡಿದಿರುತ್ತಾರೆ: ಅಲ್ಲಿ ಸುಧಾರಣೆಯ ಹಂಬಲ ಒಳಗಿನಿಂದ ಹುಟ್ಟಲಾರದು, ಹೊರಗಿನಿಂದ ಒಯ್ದು ಕೊಡಬೇಕು ಎಂದು. ಪರ್ಷಿಯದ, ಎಂದರೆ ಇಂದಿನ ಇರಾನಿನ, ಚರಿತ್ರೆ ಬೇರೆಯೇ ಉತ್ತರ ಹೇಳುತ್ತದೆ.

1906ರ ಬೇಸಗೆಯಲ್ಲಿ ಟೆಹರಾನಿನ ಪೇಟೆ ಬಾಗಿಲು ಹಾಕಿತು. ಹಿರಿಯ ಧರ್ಮಪಂಡಿತರು ಪ್ರತಿಭಟಿಸಿ ಕುಮ್ ನಗರಕ್ಕೆ ಹೊರಟುಹೋದರು. ವರ್ತಕರು, ಕುಶಲಕರ್ಮಿಗಳು, ವಿದ್ಯಾರ್ಥಿಗಳು 12,000ಕ್ಕೂ ಮಿಕ್ಕಿ ಬ್ರಿಟಿಷ್ ದೂತಾವಾಸದ ತೋಟದಲ್ಲಿ ಆಶ್ರಯ ಪಡೆದರು. ದೊರೆ ಮುಜಫರುದ್ದೀನ್ ಷಾ ಮಣಿದನು. ಆ ವರ್ಷಾಂತ್ಯದಲ್ಲಿ ಸಂವಿಧಾನಕ್ಕೆ ರುಜು ಹಾಕಿದನು. ಬೆಲ್ಜಿಯಂ ಸಂವಿಧಾನದಿಂದ ಎರವಲು ತಂದದ್ದುಂಟು. ಆದರೆ ತಂದವರು ಪರ್ಷಿಯನ್ನರೇ. ದೂತಾವಾಸ ಕೊಟ್ಟದ್ದು ಬಿಡಾರ ಹೂಡಲು ನೆಲ, ಅಷ್ಟೆ.

ಮುಂದಿನದು ದುಃಖದ ಕಥೆ. 1907ರಲ್ಲಿ ಅದೇ ಬ್ರಿಟನ್ ರಷ್ಯದೊಡನೆ ಕೂಡಿ, ಪರ್ಷಿಯನ್ನರನ್ನು ಕೇಳದೆಯೇ, ಅವರ ನಾಡನ್ನು ಪ್ರಭಾವವಲಯಗಳಾಗಿ ಹಂಚಿಕೊಂಡಿತು. 1908ರಲ್ಲಿ ಹೊಸ ಷಾನ ಪರವಾಗಿ ರಷ್ಯದ ಕರ್ನಲ್ ಲ್ಯಾಖೊವನ ಕೊಸಾಕ್ ದಳ ಮಜ್ಲಿಸ್ಸಿನ, ಎಂದರೆ ಪ್ರತಿನಿಧಿಸಭೆಯ, ಭವನದ ಮೇಲೆ ಫಿರಂಗಿ ಹಾರಿಸಿತು. ಜನ ಎದೆಗುಂದಲಿಲ್ಲ, ಮರುವರ್ಷ ಟೆಹರಾನನ್ನು ಗೆದ್ದು ಮಜ್ಲಿಸ್ಸನ್ನು ಮತ್ತೆ ನಿಲ್ಲಿಸಿದರು. ಬೊಕ್ಕಸವನ್ನು ಸರಿಪಡಿಸಲು ಆ ಸಭೆ ತಾನಾಗಿಯೇ ಅಮೆರಿಕದ ಮಾರ್ಗನ್ ಶುಸ್ಟರನನ್ನು ಕರೆಸಿಕೊಂಡಿತು. ಅವನನ್ನು ಹೊರಗಟ್ಟಬೇಕೆಂದು ರಷ್ಯ 1911ರಲ್ಲಿ ಗಡುವು ವಿಧಿಸಿತು. ಮಜ್ಲಿಸ್ ತಲೆಬಾಗಲಿಲ್ಲ, ಕೊನೆಗೆ ಮಜ್ಲಿಸ್ಸೇ ವಿಸರ್ಜಿತವಾಯಿತು. 1953ರಲ್ಲಿ, ಎಣ್ಣೆಯ ರಾಷ್ಟ್ರೀಕರಣಕ್ಕೆ ನಾಯಕನಾಗಿದ್ದ ಪ್ರಧಾನಿ ಮೊಸದ್ದೆಗ್, ಬ್ರಿಟನ್ ಮತ್ತು ಅಮೆರಿಕಗಳ ಗುಪ್ತಚರರ ಕೈವಾಡದಿಂದ ಪದಚ್ಯುತನಾದನು. 1979ರ ಕ್ರಾಂತಿಯ ಬಳಿಕ ಇದೇ ರಾಜಧಾನಿಗಳಿಂದ ಇರಾನಿಗೆ ಪ್ರಜಾಪ್ರಭುತ್ವದ ಬೋಧನೆ! ಮಗುವನ್ನು ಚಿವುಟಿ ತೊಟ್ಟಿಲು ತೂಗುವುದು ಎಂದು ನಮ್ಮಲ್ಲಿ ಹೇಳುವುದು ಇದನ್ನೇ. ಚಿವುಟಿದ ಕೈಯ ನೆನಪು ಮಗುವಿಗೆ ಉಳಿಯುತ್ತದೆ. ಆ ನೆನಪೇ ನಿರಂಕುಶರಿಗೆ ಆಯುಧ. ಸುಧಾರಣೆ ಕೇಳುವ ಸ್ವದೇಶೀಯನನ್ನೂ ಪರಕೀಯರ ಕೈಗೊಂಬೆ ಎಂದು ಸೆರೆಗೆ ತಳ್ಳುವುದು ಅವರಿಗೆ ಸುಲಭವಾಗುತ್ತದೆ.

ಹಾಗಾದರೆ ಹೊರಗಿನವರು ಮೌನವಾಗಿರಬೇಕೇ? ಅದೂ ಧರ್ಮವಲ್ಲ. ತಬ್ರೀಜಿನ ಮಿಷನ್ ಶಾಲೆಯಲ್ಲಿ ಹೊವಾರ್ಡ್ ಬ್ಯಾಸ್ಕರ್‌ವಿಲ್ ಎಂಬ ಅಮೆರಿಕನ್ ಉಪಾಧ್ಯಾಯನಿದ್ದನು. ಮುತ್ತಿಗೆಗೆ ಸಿಕ್ಕಿದ ಊರನ್ನು ಬಿಟ್ಟುಹೋಗದೆ, ಸಂವಿಧಾನವಾದಿಗಳ ಜತೆಗೂಡಿ ಹೋರಾಡಿ, 1909ರಲ್ಲಿ ತನ್ನ 24ನೆಯ ವಯಸ್ಸಿನಲ್ಲಿ ಮಡಿದನು. ಕೇಂಬ್ರಿಜ್ಜಿನ ಪರ್ಷಿಯನ್ ವಿದ್ವಾಂಸ ಎಡ್ವರ್ಡ್ ಬ್ರೌನ್ ತನ್ನ ಸರ್ಕಾರದ ಪರ್ಷಿಯ ನೀತಿಯನ್ನೇ ಖಂಡಿಸಿ ಬರೆದನು. ಒಬ್ಬನು ಅವರ ಪಕ್ಕದಲ್ಲಿ ನಿಂತನು; ಇನ್ನೊಬ್ಬನು ತನ್ನ ಮನೆಯವರನ್ನು ತಡೆದನು. ಇಬ್ಬರೂ ಪರ್ಷಿಯಕ್ಕೆ ಅಪ್ಪಣೆ ಮಾಡಲಿಲ್ಲ.

ಸೆರೆಯಲ್ಲಿರುವವನ ಪರವಾಗಿ ದನಿಯೆತ್ತೋಣ, ಓಡಿಬಂದವನಿಗೆ ಬಾಗಿಲು ತೆರೆಯೋಣ. ಆದರೆ ಪರರ ನಾಡನ್ನು ತಿದ್ದಲು ಹೊರಡುವ ಮುನ್ನ, ಅಲ್ಲಿ ತಾನಾಗಿ ಮೊಳೆತದ್ದರ ಮೇಲೆ ನಮ್ಮ ಕಾಲಿಲ್ಲವೇ ಎಂದು ನೋಡಿಕೊಳ್ಳೋಣ.